ಕಥೆ ನಿಮಗಾಗಿ ಕಾಯುತ್ತದೆ

ಮೌಸ್ ಹಿಡಿದು ಕಥೆಯೊಳಗೆ ಓಡಾಡಿಸುವ ‘ಪಾಯಿಂಟ್ ಆಂಡ್ ಕ್ಲಿಕ್’ ಅಡ್ವೆಂಚರ್ ಗೇಮ್‌ಗಳಲ್ಲಿ ಗುಂಡಿನ ಸದ್ದಿಲ್ಲ, ಗಡಿಯಾರದ ಗಡಿಬಿಡಿಯಿಲ್ಲ. ಅಲ್ಲಿ ಒಳ್ಳೆಯ ಒಗಟು ಕಥೆಯನ್ನು ಮುಂದೆ ನಡೆಸುತ್ತದೆ, ಕೆಟ್ಟ ಒಗಟು ಕಥೆಯನ್ನೇ ಕೆಡಿಸುತ್ತದೆ.

ಲಾವರ್ನ್ ಎಂಬ ಹುಡುಗಿ ಒಂದು ಮರಕ್ಕೆ ಸಿಕ್ಕಿಹಾಕಿಕೊಂಡು ನೇತಾಡುತ್ತಿದ್ದಾಳೆ. ಅವಳಿರುವುದು ಇನ್ನೂರು ವರ್ಷ ಮುಂದಿನ ಕಾಲದಲ್ಲಿ. ಅವಳ ಗೆಳೆಯ ಹೋಗೀ ಅದೇ ಮನೆಯ ಅಂಗಳದಲ್ಲೇ ಇದ್ದಾನೆ, ಆದರೆ ಇನ್ನೂರು ವರ್ಷ ಹಿಂದೆ. ಆ ಕಾಲದ ಮನೆಯಲ್ಲಿ ಜಾರ್ಜ್ ವಾಷಿಂಗ್ಟನ್ ತಂಗಿದ್ದಾರೆ. ವಾಷಿಂಗ್ಟನ್ ಬಾಲ್ಯದಲ್ಲಿ ಚೆರ್ರಿ ಮರ ಕಡಿದರು ಎಂಬ ದಂತಕಥೆ ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಆದರೆ ಅಂಗಳದಲ್ಲಿರುವುದು ಚೆರ್ರಿ ಮರವಲ್ಲ, ಕಿತ್ತಳೆಯ ಜಾತಿಗೆ ಸೇರಿದ ಪುಟ್ಟ ಹಣ್ಣು ಬಿಡುವ ಕುಂಕ್ವಾಟ್ ಮರ. ಹೋಗೀ ಆ ಹಣ್ಣುಗಳಿಗೆ ಕೆಂಪು ಬಣ್ಣ ಬಳಿಯುತ್ತಾನೆ. ವಾಷಿಂಗ್ಟನ್ ಅದನ್ನು ಚೆರ್ರಿ ಮರವೆಂದೇ ನಂಬಿ ಕಡಿದು ಉರುಳಿಸುತ್ತಾರೆ. ಆ ಕ್ಷಣವೇ ಭವಿಷ್ಯದ ಮರವೂ ಇಲ್ಲವಾಗಿ ಲಾವರ್ನ್ ನೆಲಕ್ಕೆ ಬೀಳುತ್ತಾಳೆ.

ಇದು 1993ರಲ್ಲಿ ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಕಂಪನಿ ಹೊರತಂದ ‘ಡೇ ಆಫ್ ದಿ ಟೆಂಟಕಲ್’ ಎಂಬ ಆಟದ ಒಂದು ಸನ್ನಿವೇಶ. ಓದಿದರೆ ಇದೊಂದು ನಗೆ ಪ್ರಸಂಗ, ಅಷ್ಟೆ. ಆಡುವಾಗಿನ ಅನುಭವವೇ ಬೇರೆ. ಹಣ್ಣಿಗೆ ಬಣ್ಣ ಬಳಿ ಎಂದು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ. ಬಣ್ಣದ ಡಬ್ಬಿಯನ್ನು ನೀವೇ ಹುಡುಕಬೇಕು, ವಾಷಿಂಗ್ಟನ್ ಜೊತೆ ನೀವೇ ಮಾತಾಡಬೇಕು, ಆ ಕಾಲದ ಮರಕ್ಕೂ ಈ ಕಾಲದ ಮರಕ್ಕೂ ಇರುವ ನಂಟು ನಿಮಗೇ ಹೊಳೆಯಬೇಕು. ಹೊಳೆಯುವವರೆಗೂ ಲಾವರ್ನ್ ನೇತಾಡುತ್ತಲೇ ಇರುತ್ತಾಳೆ. ಕಥೆ ನಿಮಗಾಗಿ ಕಾಯುತ್ತದೆ.

ಈ ಕಾಯುವ ಗುಣವೇ ಅಡ್ವೆಂಚರ್ ಗೇಮ್‌ಗಳ ಜೀವಾಳ. ಕಾದಂಬರಿ ಓದುಗ ಪುಟ ತಿರುಗಿಸಿದಷ್ಟೂ ಮುಂದೆ ಸಾಗುತ್ತದೆ. ಸಿನಿಮಾ ನೋಡುಗ ಕಣ್ಣು ಮುಚ್ಚಿಕೊಂಡರೂ ಓಡುತ್ತದೆ. ಈ ಆಟಗಳ ಕಥೆ ಮಾತ್ರ ನಿಮಗೆ ಅರ್ಥವಾದಷ್ಟೇ ಮುಂದಕ್ಕೆ ಹೋಗುತ್ತದೆ.

ಆಡುವುದು ಹೇಗೆ?

ಪರದೆಯ ಮೇಲೆ ಒಂದು ಚಿತ್ರ ಇರುತ್ತದೆ. ಒಂದು ಕೋಣೆಯೋ ಬಂದರೋ ಬೀದಿಯೋ ಆಗಿರಬಹುದು. ಕಥಾನಾಯಕ ಅಥವಾ ನಾಯಕಿ ಅಲ್ಲಿ ನಿಂತಿರುತ್ತಾರೆ. ನೀವು ಎಲ್ಲಿ ಕ್ಲಿಕ್ ಮಾಡುತ್ತೀರೋ ಅಲ್ಲಿಗೆ ನಡೆಯುತ್ತಾರೆ. ಬಾಗಿಲ ಮೇಲೆ ಕ್ಲಿಕ್ ಮಾಡಿದರೆ ತೆರೆಯುತ್ತಾರೆ, ಹಗ್ಗದ ಮೇಲೆ ಕ್ಲಿಕ್ ಮಾಡಿದರೆ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಆ ಜೇಬಿಗೆ ತಳವೇ ಇಲ್ಲ, ಏಣಿಯನ್ನು ಬೇಕಾದರೂ ತುಂಬಬಹುದು. ಎದುರಿಗೆ ಬಂದವರನ್ನು ಮಾತಾಡಿಸಿದರೆ ನಾಲ್ಕೈದು ಸಾಲುಗಳು ತೋರುತ್ತವೆ, ಅದರಲ್ಲಿ ಒಂದನ್ನು ಆರಿಸಿ ಆಡಬೇಕು. ನೋಡುವುದು, ಎತ್ತಿಕೊಳ್ಳುವುದು, ಮಾತಾಡುವುದು, ಒಂದು ವಸ್ತುವನ್ನು ಇನ್ನೊಂದರ ಮೇಲೆ ಪ್ರಯೋಗಿಸಿ ನೋಡುವುದು. ಆಟವೆಲ್ಲ ಇಷ್ಟೇ. ಬೆರಳಿನ ಚುರುಕು ಬೇಕಿಲ್ಲ, ಗಮನ ಬೇಕು.

ಇಷ್ಟು ಸರಳವಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1970ರ ದಶಕದ ನಡುವಿನಲ್ಲಿ ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್ ‘ಕೊಲೊಸಲ್ ಕೇವ್ ಅಡ್ವೆಂಚರ್’ ಬರೆದರು. ಇಂದಿನ ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಜಾಲಕ್ಕೆ ದುಡಿದವರಲ್ಲಿ ಅವರೂ ಒಬ್ಬರು. ಗುಹೆಗಳಲ್ಲಿ ಇಳಿದು ಅಲೆಯುವುದು ಅವರ ಹವ್ಯಾಸ. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾವು ಕಂಡ ದಾರಿಗಳನ್ನೇ ತಮ್ಮ ಹೆಣ್ಣುಮಕ್ಕಳು ಆಡಲೆಂದು ಕಂಪ್ಯೂಟರ್‌ಗೆ ಇಳಿಸಿದರು. ಅದರಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರ. ‘ಪೂರ್ವಕ್ಕೆ ಹೋಗು’, ‘ದೀಪ ತೆಗೆದುಕೋ’ ಎಂಬಂಥ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಿತ್ತು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು.

1980ರಲ್ಲಿ ಕೆನ್ ಮತ್ತು ರಾಬರ್ಟಾ ವಿಲಿಯಮ್ಸ್ ದಂಪತಿ ‘ಮಿಸ್ಟರಿ ಹೌಸ್’ ಆಟದಲ್ಲಿ ಪದಗಳ ಜೊತೆಗೆ ಗೆರೆಚಿತ್ರಗಳನ್ನೂ ತಂದರು. ಅವರ ಸಿಯೆರಾ ಕಂಪನಿ 1984ರಲ್ಲಿ ತಂದ ‘ಕಿಂಗ್ಸ್ ಕ್ವೆಸ್ಟ್’ನಲ್ಲಿ ಪಾತ್ರ ಚಿತ್ರದೊಳಗೇ ನಡೆದಾಡಿತು. ಆದರೂ ಟೈಪ್ ಮಾಡುವ ಕಷ್ಟ ತಪ್ಪಲಿಲ್ಲ. ಕಣ್ಣೆದುರಿಗೇ ಪೊದೆಯಿದ್ದರೂ ಆಟಕ್ಕೆ ಗೊತ್ತಿರುವ ಹೆಸರಿನಿಂದಲೇ ಅದನ್ನು ಕರೆಯಬೇಕು, ಬೇರೆ ಹೆಸರು ಬರೆದರೆ ಅರ್ಥವಾಗಲಿಲ್ಲ ಎಂಬ ಉತ್ತರ.

ಕಣ್ಣಿಗೆ ಕಾಣುವುದನ್ನು ಬೆರಳು ಮಾಡಿ ತೋರಿಸಿದರೆ ಸಾಲದೇ? ಮುಂದೆ ಲ್ಯೂಕಾಸ್‌ಆರ್ಟ್ಸ್ ಆದ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಲ್ಲಿದ್ದ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ 1987ರ ‘ಮೇನಿಯಾಕ್ ಮ್ಯಾನ್ಶನ್’ನಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ‘ತೆರೆ’, ‘ಎಳೆ’, ‘ಓದು’, ‘ಕೊಡು’ ಎಂಬ ಕ್ರಿಯಾಪದಗಳನ್ನೆಲ್ಲ ಪರದೆಯ ಕೆಳಗೆ ಸಾಲಾಗಿ ಜೋಡಿಸಿದರು. ಒಂದು ಕ್ರಿಯೆಯನ್ನೂ ಒಂದು ವಸ್ತುವನ್ನೂ ಆರಿಸಿಕೊಂಡರೆ ವಾಕ್ಯ ಸಿದ್ಧ. ಇದಕ್ಕಾಗಿ ಅವರ ತಂಡ ಕಟ್ಟಿದ ‘ಸ್ಕಮ್’ ಎಂಬ ಸಾಫ್ಟ್‌ವೇರ್ ಮುಂದೆ ಹತ್ತು ವರ್ಷ ಆ ಕಂಪನಿಯ ಅಡ್ವೆಂಚರ್ ಗೇಮ್‌ಗಳಿಗೆ ಬುನಾದಿಯಾಯಿತು. ಆ ಸಾಲಿಗೆ ಸೇರಿದ ‘ಡೇ ಆಫ್ ದಿ ಟೆಂಟಕಲ್’ ಬರುವ ಹೊತ್ತಿಗೆ ಕ್ರಿಯಾಪದಗಳು ಒಂಬತ್ತಕ್ಕೆ ಇಳಿದಿದ್ದವು.

ಒಂದೇ ವರ್ಷದ ಎರಡು ಆಟಗಳು

ಕ್ಲಿಕ್ಕಿನ ಅನುಕೂಲವೊಂದರಿಂದಲೇ ಕಥೆ ಚೆನ್ನಾಗಿಬಿಡಲಿಲ್ಲ. ಆಟಗಾರನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಎರಡು ಬಗೆಯ ಉತ್ತರಗಳು 1990ರಲ್ಲಿ ಹೆಚ್ಚು ಕಡಿಮೆ ಜೊತೆಜೊತೆಗೇ ಹೊರಬಂದವು.

ಮೊದಲನೆಯದು ಸಿಯೆರಾದ ‘ಕಿಂಗ್ಸ್ ಕ್ವೆಸ್ಟ್ 5’. ಕಣ್ಣು ತುಂಬುವ ಚಿತ್ರಗಳಿರುವ ಆಟ. ಅದರಲ್ಲಿ ಒಂದು ಕಡೆ ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಓಡುತ್ತದೆ. ಆ ಕೆಲವೇ ಕ್ಷಣಗಳಲ್ಲಿ ನೀವು ಬೆಕ್ಕಿನತ್ತ ಹಳೆಯ ಬೂಟನ್ನು ಎಸೆದು ಇಲಿಯನ್ನು ಉಳಿಸಬೇಕು. ಎಸೆಯದಿದ್ದರೂ ಆಗ ಏನೂ ಆಗುವುದಿಲ್ಲ, ಆಟ ಮುಂದುವರಿಯುತ್ತದೆ. ಬಹಳ ಹೊತ್ತಿನ ಮೇಲೆ ದುರುಳರು ನಿಮ್ಮನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿದಾಗ, ಉಳಿಸಿದ್ದ ಇಲಿ ಬಂದು ಹಗ್ಗ ಕಡಿಯುತ್ತದೆ. ಉಳಿಸದಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಯಾಕೆ ಮುಗಿಯಿತು ಎಂದು ತಿಳಿಯುವ ದಾರಿಯೂ ಇಲ್ಲ. ಹಿಂದೆ ಉಳಿಸಿಟ್ಟ ಸೇವ್‌ಗೆ ಮರಳಬೇಕು, ಇಲ್ಲವೇ ಮೊದಲಿನಿಂದ ಶುರು ಮಾಡಬೇಕು.

ಎರಡನೆಯದು ರಾನ್ ಗಿಲ್ಬರ್ಟ್, ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಬರೆದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’. ಕಡಲ್ಗಳ್ಳನಾಗಬೇಕು ಎಂಬ ಆಸೆ ಹೊತ್ತು ಕೆರಿಬಿಯನ್ ದ್ವೀಪಕ್ಕೆ ಬಂದ ಗೈಬ್ರಶ್ ಥ್ರೀಪ್‌ವುಡ್ ಎಂಬ ಯುವಕನ ಕಥೆ ಇದು. ಇದನ್ನು ಬರೆಯುವ ಮೊದಲು, 1989ರಲ್ಲಿ, ಗಿಲ್ಬರ್ಟ್ ಒಂದು ಲೇಖನದಲ್ಲಿ ಅಂದಿನ ಅಡ್ವೆಂಚರ್ ಗೇಮ್‌ಗಳ ತಪ್ಪುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ್ದರು. ಆಟಗಾರನ ಗುರಿ ಅವನಿಗೆ ಸ್ಪಷ್ಟವಾಗಿರಬೇಕು. ಒಗಟು ಬಿಡಿಸಿದರೆ ಕಥೆ ಮುಂದುವರಿಯಬೇಕು. ಸತ್ತು ಪಾಠ ಕಲಿಯುವ ಪರಿಸ್ಥಿತಿ ಬರಬಾರದು. ಎಲ್ಲೋ ಒಂದು ವಸ್ತುವನ್ನು ಎತ್ತಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಗಂಟೆಗಳ ನಂತರ ದಾರಿ ಮುಚ್ಚಬಾರದು. ಕಂದಕವನ್ನು ಕಂಡ ಮೇಲೆ ಹಗ್ಗ ಹುಡುಕುವಂತಿರಬೇಕೇ ಹೊರತು, ಯಾಕೆಂದು ತಿಳಿಯದೆ ಹಗ್ಗ ಹೊತ್ತು ತಿರುಗುವಂತಿರಬಾರದು. ಇವೆಲ್ಲ ಇಂದಿಗೂ ಆಟ ಬರೆಯುವವರಿಗೆ ಮೊದಲ ಪಾಠ.

‘ಮಂಕಿ ಐಲ್ಯಾಂಡ್’ನಲ್ಲಿ ಈ ನಿಯಮಗಳೇ ರಸವಾಗಿ ಹರಿದಿವೆ. ಒಂದು ಘಟ್ಟದಲ್ಲಿ ವಿರೋಧಿಗಳು ಗೈಬ್ರಶ್‌ನನ್ನು ಭಾರವಾದ ವಿಗ್ರಹಕ್ಕೆ ಕಟ್ಟಿ ಕಡಲಿಗೆ ತಳ್ಳುತ್ತಾರೆ. ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಎಂಬುದು ಅವನ ಹೆಮ್ಮೆ. ಕಡಲ ತಳದಲ್ಲಿ ಸುತ್ತಲೂ ಚಾಕು, ಕತ್ತಿಯಂಥ ಹರಿತವಾದ ವಸ್ತುಗಳು ಬಿದ್ದಿವೆ, ಆದರೆ ಒಂದೂ ಕೈಗೆಟುಕುವುದಿಲ್ಲ. ಆಟಗಾರನ ಕಣ್ಣೆಲ್ಲ ಅವುಗಳ ಮೇಲೆಯೇ. ಹಗ್ಗ ಕತ್ತರಿಸುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಉತ್ತರ ಬಹಳ ಸರಳ: ವಿಗ್ರಹವನ್ನೇ ಎತ್ತಿಕೊಂಡು ನಡೆದುಬರುವುದು. ಆಟವಿಡೀ ಕಂಡದ್ದನ್ನೆಲ್ಲ ಜೇಬಿಗೆ ಹಾಕಿಕೊಂಡು ಬಂದವನಿಗೆ ಇದೊಂದು ಮಾತ್ರ ಹೊಳೆದಿರುವುದಿಲ್ಲ. ಹೊಳೆದಾಗ ನಗು ಉಕ್ಕಿ ಬರುತ್ತದೆ. ನಿಜವಾಗಿಯೂ ಹತ್ತು ನಿಮಿಷ ಕಳೆದುಬಿಟ್ಟರೆ ಗೈಬ್ರಶ್ ಸಾಯುತ್ತಾನೆ. ಆಡಿದ ಮಾತಿಗೆ ಆಟ ಅಷ್ಟು ಬದ್ಧ.

ಕತ್ತಿ ಕಾಳಗದ ಭಾಗವಂತೂ ಈ ಪ್ರಕಾರದ ಅತ್ಯುತ್ತಮ ಕಲ್ಪನೆಗಳಲ್ಲಿ ಒಂದು. ಅಲ್ಲಿ ಗೆಲ್ಲುವುದು ತೋಳ್ಬಲದಿಂದಲ್ಲ, ಬಾಯಿಂದ. ಎದುರಾಳಿ ಒಂದು ಮೂದಲಿಕೆ ಎಸೆಯುತ್ತಾನೆ, ಅದಕ್ಕೆ ತಕ್ಕ ತಿರುಗೇಟು ನೀವು ಕೊಡಬೇಕು. ಆರಂಭದಲ್ಲಿ ನಿಮಗೆ ಬರುವುದು ಸಪ್ಪೆ ಮಾತುಗಳು ಮಾತ್ರ, ಹಾಗಾಗಿ ಸೋಲುತ್ತೀರಿ. ಆದರೆ ಸೋತಾಗಲೇ ಹೊಸ ಮೂದಲಿಕೆ ಕಿವಿಗೆ ಬೀಳುತ್ತದೆ. ಅದನ್ನು ಮುಂದಿನವನ ಮೇಲೆ ಪ್ರಯೋಗಿಸಿದರೆ ಅವನ ಬಾಯಿಂದ ಸರಿಯಾದ ಉತ್ತರ ಹೊರಬರುತ್ತದೆ. ಹೀಗೆ ಸೋಲುತ್ತ ಕಲಿತು, ಕೊನೆಗೆ ಕತ್ತಿ ವಿದ್ಯೆಯ ಗುರು ಕಾರ್ಲಾಳ ಎದುರು ನಿಂತರೆ ಅವಳು ನೀವು ಕೇಳಿಯೇ ಇರದ ಮೂದಲಿಕೆಗಳನ್ನು ಎಸೆಯುತ್ತಾಳೆ. ಕಲಿತ ಉತ್ತರಗಳನ್ನೇ ಹೊಸ ಪ್ರಶ್ನೆಗಳಿಗೆ ಹೊಂದಿಸಬೇಕು. ಬಾಯಿಪಾಠ ಮಾಡಿದವನು ಇಲ್ಲಿ ಸೋಲುತ್ತಾನೆ, ಅರ್ಥ ಮಾಡಿಕೊಂಡವನು ಗೆಲ್ಲುತ್ತಾನೆ. ಪೆದ್ದು ಹುಡುಗನೊಬ್ಬ ಜಾಣನಾದ ಎಂದು ಕಾದಂಬರಿಕಾರ ಬರೆದು ತಿಳಿಸುವುದನ್ನು ಇಲ್ಲಿ ಆಟಗಾರ ತಾನೇ ಆಗಿ ತಿಳಿಯುತ್ತಾನೆ.

ಒಗಟೇ ಕಥೆಯ ನಡಿಗೆ

ಬೇತಾಳನ ಕಥೆಗಳಲ್ಲಿ ಪ್ರಶ್ನೆ ಬರುವುದು ಕಥೆ ಮುಗಿದ ಮೇಲೆ. ಅಡ್ವೆಂಚರ್ ಗೇಮ್‌ನಲ್ಲಿ ಪ್ರಶ್ನೆ ಕಥೆಯ ನಡುವೆಯೇ ಎದ್ದು ನಿಲ್ಲುತ್ತದೆ, ಉತ್ತರವೇ ಕಥೆಯ ಮುಂದಿನ ಘಟನೆಯಾಗುತ್ತದೆ. ಅದಕ್ಕಾಗಿ ಆಟ ಬರೆಯುವವರು ಕೊನೆಯಿಂದ ಮೊದಲಿಗೆ ಯೋಚಿಸುತ್ತಾರೆ. ನಾಯಕ ಕೋಟೆಯ ಬಾಗಿಲು ತೆರೆಯಬೇಕು, ಅದಕ್ಕೆ ಕೀಲಿ ಬೇಕು, ಕೀಲಿ ಕಾವಲುಗಾರನ ಬಳಿ ಇದೆ, ಕಾವಲುಗಾರ ನಿದ್ದೆ ಹೋಗಬೇಕು. ಹೀಗೆ ಒಂದಕ್ಕೊಂದು ಕೊಂಡಿ ಹಾಕುತ್ತ ನಕ್ಷೆ ಬರೆಯುತ್ತಾರೆ. ಗಿಲ್ಬರ್ಟ್ ಹೇಳುವ ಪ್ರಕಾರ ಒಳ್ಳೆಯ ನಕ್ಷೆ ಒಂದೇ ಗೆರೆಯಾಗಿ ಇಳಿಯುವುದಿಲ್ಲ. ನಡುವೆ ಅಗಲವಾಗಿ ಹರಡಿಕೊಂಡು, ಆಮೇಲೆ ಮತ್ತೆ ಒಂದೆಡೆ ಕೂಡುತ್ತದೆ. ಅಂದರೆ ಮೂರ್ನಾಲ್ಕು ಒಗಟುಗಳು ಒಟ್ಟಿಗೆ ತೆರೆದಿರುತ್ತವೆ. ಒಂದರಲ್ಲಿ ಸಿಕ್ಕಿಕೊಂಡವರು ಇನ್ನೊಂದರ ಕಡೆ ತಿರುಗಬಹುದು. ಗೈಬ್ರಶ್ ಕಡಲ್ಗಳ್ಳನಾಗಲು ಕತ್ತಿ ಕಾಳಗ, ಕಳ್ಳತನ, ನಿಧಿ ಶೋಧ ಎಂಬ ಮೂರು ಪರೀಕ್ಷೆಗಳಲ್ಲಿ ಗೆಲ್ಲಬೇಕು. ಯಾವುದು ಮೊದಲು ಎಂಬುದು ನಿಮ್ಮ ಇಷ್ಟ.

‘ಡೇ ಆಫ್ ದಿ ಟೆಂಟಕಲ್’ ಈ ಕಸುಬಿನ ಶಿಖರ. ಡಾಕ್ಟರ್ ಫ್ರೆಡ್ ಎಂಬ ವಿಜ್ಞಾನಿಯ ಯಂತ್ರದಿಂದ ಹರಿದ ವಿಷದ ನೀರು ಕುಡಿದ ನೇರಳೆ ಬಣ್ಣದ ಜೀವಿಯೊಂದಕ್ಕೆ ಕೈಗಳು ಮೂಡಿ, ಜಗತ್ತನ್ನೇ ಆಳುವ ದುರಾಸೆ ಹುಟ್ಟುತ್ತದೆ. ನಿನ್ನೆಗೆ ಹೋಗಿ ಆ ಯಂತ್ರವನ್ನೇ ನಿಲ್ಲಿಸಿ ಬನ್ನಿ ಎಂದು ಡಾಕ್ಟರ್ ಮೂವರು ಗೆಳೆಯರನ್ನು ಕಾಲಯಂತ್ರದಲ್ಲಿ ಕಳಿಸುತ್ತಾನೆ. ಕಾಲಯಂತ್ರದಲ್ಲಿದ್ದದ್ದು ನಕಲಿ ವಜ್ರ. ದಾರಿಯಲ್ಲೇ ಅದು ಒಡೆದು ಹೋಗೀ ಭೂತಕಾಲದಲ್ಲೂ ಲಾವರ್ನ್ ಭವಿಷ್ಯದಲ್ಲೂ ಸಿಕ್ಕಿಬೀಳುತ್ತಾರೆ, ಬರ್ನಾರ್ಡ್ ಮಾತ್ರ ವರ್ತಮಾನಕ್ಕೆ ಮರಳುತ್ತಾನೆ. ಮೂವರೂ ಕಾಲಯಂತ್ರದ ಮೂಲಕ ಸಣ್ಣಪುಟ್ಟ ವಸ್ತುಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳಬಹುದು.

ಇಷ್ಟು ಬಂಡವಾಳದಿಂದ ಹುಟ್ಟುವ ಒಗಟುಗಳನ್ನು ನೋಡಿ. ಹೋಗೀಗೆ ವಿನೆಗರ್ ಬೇಕು, ಅವನ ಕಾಲದಲ್ಲಿ ಸಿಗುವುದು ವೈನ್. ಮುಂದಿನ ಪೀಳಿಗೆಗೆಂದು ಮುಚ್ಚಿಡುವ ಪೆಟ್ಟಿಗೆಯಲ್ಲಿ ಆ ವೈನ್ ಬಾಟಲಿ ಸೇರಿಸಿದರೆ, ಲಾವರ್ನ್ ಪೆಟ್ಟಿಗೆ ತೆರೆಯುವ ಹೊತ್ತಿಗೆ ಅದು ಹುಳಿತು ವಿನೆಗರ್ ಆಗಿರುತ್ತದೆ. ಅದನ್ನು ಅವಳು ಹಿಂದಕ್ಕೆ ಕಳಿಸುತ್ತಾಳೆ. ಇನ್ನೊಂದು ಕಡೆ, ನೇರಳೆ ಜೀವಿಯ ಸಂತತಿಯೇ ಆಳುತ್ತಿರುವ ಭವಿಷ್ಯದಲ್ಲಿ ಲಾವರ್ನ್‌ಗೆ ವೇಷ ಮರೆಸಿಕೊಳ್ಳಬೇಕಿದೆ. ಭವಿಷ್ಯದಲ್ಲಿ ಸಿಕ್ಕ ಆ ಜೀವಿಗಳ ದೇಹದ ನಕ್ಷೆಯನ್ನು ಹಿಂದಕ್ಕೆ ಕಳಿಸಿದರೆ, ಅಮೆರಿಕದ ಮೊದಲ ಬಾವುಟ ಹೊಲಿದರೆಂದು ಹೇಳಲಾಗುವ ಬೆಟ್ಸಿ ರಾಸ್ ಆ ಆಕಾರದಲ್ಲೇ ಬಾವುಟ ಹೊಲಿಯುತ್ತಾರೆ. ನಾನೂರು ವರ್ಷದ ನಂತರ ಕಂಬದ ಮೇಲೆ ಹಾರುತ್ತಿರುವುದು ಲಾವರ್ನ್ ತೊಡಬಹುದಾದ ವೇಷ! ಕಾರಣ ಒಂದು ಕಾಲದಲ್ಲಿ, ಪರಿಣಾಮ ಇನ್ನೊಂದು ಕಾಲದಲ್ಲಿ. ನಿಯಮ ಒಂದೇ, ಅದನ್ನು ಆಟ ಎಲ್ಲೂ ಮುರಿಯುವುದಿಲ್ಲ. ಹುಚ್ಚುತನದೊಳಗೂ ತರ್ಕ ಗಟ್ಟಿಯಾಗಿರುವುದರಿಂದಲೇ ಆಟಗಾರನಿಗೆ ನಂಬಿಕೆ ಬರುತ್ತದೆ, ನಂಬಿಕೆಯಿದ್ದರೆ ತಾಳ್ಮೆ ತಾನಾಗಿ ಬರುತ್ತದೆ.

ನಂಬಿಕೆ ಮುರಿದಾಗ

ಈ ನಂಬಿಕೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ 1999ರ ‘ಗೇಬ್ರಿಯಲ್ ನೈಟ್ 3’ ಸಾಕ್ಷಿ. ಫ್ರಾನ್ಸಿನ ರೆನ್-ಲ್ಯ-ಶಾತೋ ಎಂಬ ಊರಿನಲ್ಲಿ ನಡೆಯುವ ಗಂಭೀರ ರಹಸ್ಯ ಕಥೆ ಅದು. ನಾಯಕನಿಗೆ ಒಂದು ಮೋಟರ್‌ಸೈಕಲ್ ಬಾಡಿಗೆಗೆ ಬೇಕು. ಅದಕ್ಕಾಗಿ ಗೆಳೆಯನ ವೇಷ ಹಾಕಬೇಕು, ವೇಷಕ್ಕೆ ಮೀಸೆ ಬೇಕು. ಮೀಸೆಗೆಂದು ಬೆಕ್ಕೊಂದು ನುಸುಳುವ ಕಿಂಡಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕಿಗೆ ನೀರು ಚಿಮುಕಿಸಿ ಓಡಿಸಿ, ಅಂಟಿದ ಕೂದಲನ್ನು ಮೇಪಲ್ ಸಿರಪ್‌ನಿಂದ ತುಟಿಯ ಮೇಲೆ ಅಂಟಿಸಿಕೊಳ್ಳಬೇಕು. ತಮಾಷೆಯೆಂದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ. ಹಾಗಾಗಿ ಅವನ ಪಾಸ್‌ಪೋರ್ಟ್ ಫೋಟೊದ ಮೇಲೂ ಮೀಸೆ ಬರೆಯಬೇಕು! ಯಾವ ಪತ್ತೇದಾರನೂ ಹೀಗೆ ಯೋಚಿಸುವುದಿಲ್ಲ. ಒಗಟಿಗಾಗಿ ಒಗಟು ಕಟ್ಟಿದಾಗ ಪಾತ್ರ ಪಾತ್ರವಾಗಿ ಉಳಿಯುವುದಿಲ್ಲ. ಮುಂದೆ ‘ಪೋರ್ಟಲ್’ ಆಟದ ಬರಹಗಾರರಲ್ಲಿ ಒಬ್ಬರಾದ ಎರಿಕ್ ವೋಲ್ಪಾ, ಅಡ್ವೆಂಚರ್ ಗೇಮ್‌ಗಳು ತಮ್ಮ ಸಾವನ್ನು ತಾವೇ ತಂದುಕೊಂಡವು ಎಂದು 2000ರಲ್ಲಿ ಬರೆದಾಗ ಕೊಟ್ಟ ಉದಾಹರಣೆ ಇದೇ.

ಆ ಹೊತ್ತಿಗೆ ಮಾರುಕಟ್ಟೆಯೂ ಬದಲಾಗಿತ್ತು. ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರ ‘ಮಿಸ್ಟ್’ 1993ರಲ್ಲಿ ಬಂದು, 60 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, ಸಿಡಿ-ರಾಮ್ ಡ್ರೈವ್ ಕೊಳ್ಳಲು ಎಷ್ಟೋ ಮನೆಗಳಿಗೆ ಕಾರಣವಾಗಿತ್ತು. ಆಮೇಲೆ ಮೂರು ಆಯಾಮದ ಗುಂಡಿನ ಕಾಳಗದ ಆಟಗಳು ಮುನ್ನುಗ್ಗಿದವು. ಮೆಕ್ಸಿಕೊದ ಮೃತರ ಹಬ್ಬದ ಚಿತ್ರಗಳಿಂದ ಸ್ಫೂರ್ತಿ ಪಡೆದು ಟಿಮ್ ಶೇಫರ್ ಕಟ್ಟಿದ ‘ಗ್ರಿಮ್ ಫಂಡಾಂಗೊ’ 1998ರಲ್ಲಿ ವಿಮರ್ಶಕರ ಮೆಚ್ಚುಗೆ ಗಳಿಸಿತು, ಆದರೆ ಮಾರಾಟ ನಿರಾಸೆ ತಂದಿತು. 2004ರ ಹೊತ್ತಿಗೆ ಲ್ಯೂಕಾಸ್‌ಆರ್ಟ್ಸ್ ಸಿದ್ಧವಾಗುತ್ತಿದ್ದ ಅಡ್ವೆಂಚರ್ ಗೇಮ್‌ಗಳನ್ನೂ ಕೈಬಿಟ್ಟಿತು.

ಮರಳಿ ಬಂದದ್ದು ಹೇಗೆ?

ಪ್ರಕಾರ ಸಾಯಲಿಲ್ಲ, ಕೈ ಬದಲಾಯಿತು. 2001ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಮತ್ತು ವಿನ್ಸೆಂಟ್ ಹ್ಯಾಮ್ ಆರಂಭಿಸಿದ ‘ಸ್ಕಮ್‌ವಿಎಂ’ ಎಂಬ ಉಚಿತ, ಮುಕ್ತ ತಂತ್ರಾಂಶ ಹಳೆಯ ಆಟಗಳನ್ನು ಹೊಸ ಕಂಪ್ಯೂಟರ್‌ಗಳಲ್ಲಿ ಆಡುವಂತೆ ಮಾಡಿತು. ಸ್ವಯಂಸೇವಕರು ಅದನ್ನು ಇಂದಿಗೂ ಬೆಳೆಸುತ್ತಿದ್ದಾರೆ. ಜೆಕ್ ದೇಶದ ಯಾಕುಬ್ ದ್ವೋರ್ಸ್ಕಿ ಅವರ ಅಮನೀಟಾ ಡಿಸೈನ್ ತಂಡ 2009ರಲ್ಲಿ ‘ಮಷಿನೇರಿಯಂ’ ತಂದಿತು. ತುಕ್ಕು ಹಿಡಿದ ಲೋಹದ ನಗರದಲ್ಲಿ ಪುಟ್ಟ ರೋಬೊ ಒಂದು ತನ್ನ ಗೆಳತಿಯನ್ನು ಹುಡುಕುವ ಕಥೆ. ಅದರಲ್ಲಿ ಸಂಭಾಷಣೆ ಇಲ್ಲವೇ ಇಲ್ಲ, ಪಾತ್ರಗಳ ತಲೆಯ ಮೇಲೆ ಮೂಡುವ ಚಿತ್ರಗಳೇ ಮಾತು. ಇಂಗ್ಲಿಷ್ ಬಾರದ ಮಗುವೂ ಅಜ್ಜಿಯೂ ಒಟ್ಟಿಗೆ ಕೂತು ಆಡಬಹುದಾದ ಆಟ.

2012ರಲ್ಲಿ ಟಿಮ್ ಶೇಫರ್ ಹೊಸ ಅಡ್ವೆಂಚರ್ ಗೇಮ್‌ಗೆಂದು ನೇರವಾಗಿ ಜನರ ಮುಂದೆ ಕೈಚಾಚಿದರು. ಕೇಳಿದ್ದು 4 ಲಕ್ಷ ಡಾಲರ್. 87 ಸಾವಿರಕ್ಕೂ ಹೆಚ್ಚು ಮಂದಿ ಸೇರಿ ಕೊಟ್ಟದ್ದು 33 ಲಕ್ಷ ಡಾಲರ್‌ಗೂ ಮಿಗಿಲು. ಇಂಥ ಆಟಗಳು ಯಾರಿಗೂ ಬೇಡ ಎಂಬ ಮಾತಿಗೆ ಆಟಗಾರರೇ ಕೊಟ್ಟ ಉತ್ತರ ಅದು. 2016ರಲ್ಲಿ ‘ಡೇ ಆಫ್ ದಿ ಟೆಂಟಕಲ್’ ಹೊಸ ಚಿತ್ರಗಳೊಂದಿಗೆ ಮರಳಿತು. 2022ರಲ್ಲಿ ಗಿಲ್ಬರ್ಟ್ ಮತ್ತು ಗ್ರಾಸ್‌ಮನ್ ಮತ್ತೆ ಜೊತೆಗೂಡಿ ‘ರಿಟರ್ನ್ ಟು ಮಂಕಿ ಐಲ್ಯಾಂಡ್’ ಹೊರತಂದರು.

ಈ ಹೊಸ ಆಟಗಳಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇಂದು ಯಾವ ಒಗಟಿನ ಉತ್ತರವಾದರೂ ಫೋನಿನಲ್ಲಿ ಅರೆಕ್ಷಣದಲ್ಲಿ ಸಿಗುತ್ತದೆ ಎಂಬುದು ತಯಾರಕರಿಗೆ ಗೊತ್ತು. ಅದಕ್ಕೆ ಅವರು ಸುಳಿವಿನ ಪುಸ್ತಕವನ್ನು ಆಟದೊಳಗೇ ಇಟ್ಟಿದ್ದಾರೆ. ‘ರಿಟರ್ನ್ ಟು ಮಂಕಿ ಐಲ್ಯಾಂಡ್’ನ ಪುಸ್ತಕ ಮೊದಲು ಸಣ್ಣ ಸೂಚನೆ ಕೊಡುತ್ತದೆ, ಮತ್ತೆ ಕೇಳಿದರೆ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತದೆ. ‘ಮಷಿನೇರಿಯಂ’ನಲ್ಲಿ ಪೂರ್ತಿ ಉತ್ತರ ನೋಡಬೇಕಾದರೆ ಒಂದು ಕಿರು ಆಟ ಗೆದ್ದು ಪುಸ್ತಕದ ಬೀಗ ತೆಗೆಯಬೇಕು. ಉತ್ತರ ಕೊಡುವುದರಲ್ಲೂ ಆಟಗಾರನ ಯೋಚನೆಗೆ ಜಾಗ ಬಿಡುವ ಈ ಎಚ್ಚರ ನನಗೆ ತುಂಬ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಯಾಕೆಂದರೆ ಒಗಟಿನ ಎದುರು ಸುಮ್ಮನೆ ಕೂತ ಹೊತ್ತು ವ್ಯರ್ಥ ಹೊತ್ತಲ್ಲ. ಆಗಲೇ ಆಟಗಾರ ಆ ಊರಿನ ಬೀದಿಗಳನ್ನು ಮತ್ತೆ ಸುತ್ತುತ್ತಾನೆ, ಕೇಳಿದ ಮಾತನ್ನು ಮತ್ತೆ ಕೇಳಿಸಿಕೊಳ್ಳುತ್ತಾನೆ, ಗೋಡೆಯ ಮೇಲಿನ ಚಿತ್ರವನ್ನು ನಿಜವಾಗಿ ನೋಡುತ್ತಾನೆ. ಅವಸರದಲ್ಲಿ ದಾಟಿಬಿಟ್ಟವರಿಗೆ ಕಥೆಯ ಘಟನೆಗಳು ಸಿಗುತ್ತವೆ, ಕಥೆಯ ಲೋಕ ಸಿಗುವುದಿಲ್ಲ.

ಆಡಬಯಸುವವರಿಗೆ

ಹೊಸಬರು ‘ಮಷಿನೇರಿಯಂ’ನಿಂದ ಶುರು ಮಾಡಲಿ. ಅದು ಮೊಬೈಲ್‌ನಲ್ಲೂ ಸಿಗುತ್ತದೆ, ಭಾಷೆಯ ತೊಡಕಿಲ್ಲ. ಹಣ ಖರ್ಚು ಮಾಡದೆ ನೋಡಬೇಕೆಂದರೆ, 1994ರಲ್ಲಿ ಬ್ರಿಟನ್ನಿನ ರೆವಲ್ಯೂಶನ್ ಕಂಪನಿ ತಂದ ‘ಬಿನೀತ್ ಎ ಸ್ಟೀಲ್ ಸ್ಕೈ’ ಇದೆ. 2003ರಿಂದ ಅದನ್ನು ಕಂಪನಿಯೇ ಉಚಿತವಾಗಿ ಬಿಟ್ಟುಕೊಟ್ಟಿದೆ, ‘ಸ್ಕಮ್‌ವಿಎಂ’ ಮೂಲಕ ಆಡಬಹುದು. ಇಂಗ್ಲಿಷ್ ಸಲೀಸಾಗಿ ಬರುವವರು ‘ಮಂಕಿ ಐಲ್ಯಾಂಡ್’ಗೂ ಅಲ್ಲಿಂದ ‘ಡೇ ಆಫ್ ದಿ ಟೆಂಟಕಲ್’ಗೂ ಹೋಗಲಿ.

ಒಬ್ಬರೇ ಆಡುವುದಕ್ಕಿಂತ ಇಬ್ಬರು ಒಂದೇ ಪರದೆಯ ಮುಂದೆ ಕೂತು ಆಡಿದರೆ ಚೆನ್ನ. ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ. ಮಕ್ಕಳ ಕೈಗೆ ಮೌಸ್ ಕೊಟ್ಟು ದೊಡ್ಡವರು ಪಕ್ಕದಲ್ಲಿ ಕೂತರೆ, ಯಾಕೆ ಹೀಗಾಯಿತು, ಮುಂದೇನು ಮಾಡೋಣ ಎಂಬ ಮಾತುಕತೆ ತಾನಾಗಿ ಹುಟ್ಟುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಕಂಪ್ಯೂಟರ್ ಮುಚ್ಚಿ ಬೇರೆ ಕೆಲಸಕ್ಕೆ ಏಳಿ, ಉತ್ತರ ಹುಡುಕಲು ಮಾತ್ರ ಫೋನ್ ಎತ್ತಬೇಡಿ. ಒಂದು ರಾತ್ರಿ ಕಳೆದ ಮೇಲೂ ಹೊಳೆಯದಿದ್ದರೆ ಆಟದೊಳಗಿನ ಸುಳಿವು ಕೇಳಿ, ಅದೂ ಒಂದೇ ಒಂದು. ಸ್ವಂತ ಬುದ್ಧಿಯಿಂದ ಬಿಡಿಸಿದ ಒಂದು ಒಗಟು ಕೊಡುವ ಸಂತೋಷವನ್ನು ನೋಡಿ ಬಿಡಿಸಿದ ಐವತ್ತು ಒಗಟುಗಳು ಕೊಡಲಾರವು.